ಅಪ್ಪ, ಮಗ ಇಬ್ಬರನ್ನೂ ಕರೆದುಕೊಂಡು ಹೋಗಬೇಕು: ಚಿನ್ನಸ್ವಾಮಿಗಾ, ಕಂಠೀರವಕ್ಕಾ? ರಾತ್ರಿ ವಾಪಸ್ ಬರೋದು ಹೇಗೆ?

ಕ್ಯಾತ್ಸಂದ್ರದವಳು

ಎಲ್ಲರಿಗೂ ನಮಸ್ಕಾರ. ನಾವು ತುಮಕೂರಿನವರು. ಅಪ್ಪನಿಗೆ 68, ಮಗನಿಗೆ 9. ಇಬ್ಬರಿಗೂ ಆಟ ಅಂದರೆ ಪ್ರಾಣ, ಆದರೆ ಇಬ್ಬರೂ ಇವತ್ತಿನವರೆಗೂ ದೊಡ್ಡ ಸ್ಟೇಡಿಯಂ ಒಳಗೆ ಕಾಲಿಟ್ಟಿಲ್ಲ. ಅಪ್ಪ ರೇಡಿಯೋದಲ್ಲಿ ಕಾಮೆಂಟರಿ ಕೇಳಿ ಬೆಳೆದವರು. ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಹೆಸರು ಎತ್ತಿದರೆ ಈಗಲೂ ಊಟ ಬಿಟ್ಟು ಮಾತಾಡುತ್ತಾರೆ. ಮಗನಿಗೆ ಕ್ರಿಕೆಟ್ ಬಿಟ್ಟರೆ ಸುನಿಲ್ ಛೇಟ್ರಿ. ಇಬ್ಬರನ್ನೂ ಒಟ್ಟಿಗೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಆಟ ಕಣ್ಣಾರೆ ತೋರಿಸಬೇಕು ಅಂತ ನನಗೆ ತುಂಬಾ ದಿನದ ಆಸೆ.

ತೊಂದರೆ ಏನು ಅಂದರೆ ಅಪ್ಪನಿಗೆ ಮಂಡಿನೋವು. ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿ ಆದರೆ ಕಷ್ಟ. ಮಗ ಜನ ನೋಡಿದರೆ ಕೈ ಬಿಡಿಸಿಕೊಂಡು ಓಡುವವನು. 2025ರ ಜೂನ್ 4ಕ್ಕೆ ಆರ್‌ಸಿಬಿ ವಿಜಯೋತ್ಸವದ ದಿನ ಚಿನ್ನಸ್ವಾಮಿ ಹತ್ತಿರ ನೂಕುನುಗ್ಗಲಿನಲ್ಲಿ ಜನ ಸತ್ತಮೇಲೆ ನಮ್ಮ ಯಜಮಾನರು "ಟಿವಿಯಲ್ಲೇ ನೋಡಿ, ಸುಮ್ನೆ ಯಾಕೆ ಅಲ್ಲಿಗೆ ಹೋಗಬೇಕು" ಅನ್ನುತ್ತಿದ್ದಾರೆ. ಅವರ ಭಯ ತಪ್ಪು ಅಂತ ನಾನು ಹೇಳಲಾರೆ. ಅವರಿಗೆ ರಜೆ ಸಿಗಲ್ಲ, ಹಾಗಾಗಿ ಇಬ್ಬರನ್ನೂ ನಾನೊಬ್ಬಳೇ ನೋಡಿಕೊಳ್ಳಬೇಕು.

ತಂಗಿ ಮನೆ ರಾಜಾಜಿನಗರದಲ್ಲಿದೆ, ರಾತ್ರಿ ಅಲ್ಲೇ ಉಳಿಯುತ್ತೇವೆ. ಮೊದಲ ಸಲಕ್ಕೆ ಯಾವ ಆಟ ಒಳ್ಳೆಯದು, ಚಿನ್ನಸ್ವಾಮಿಯಲ್ಲಿ ಕ್ರಿಕೆಟ್ಟಾ, ಕಂಠೀರವದಲ್ಲಿ ಫುಟ್ಬಾಲಾ? ಎಲ್ಲಿ ಕೂರಬೇಕು? ರಾತ್ರಿ ರಾಜಾಜಿನಗರಕ್ಕೆ ಹೇಗೆ ಬರೋದು? ಹೋಗಿ ಅನುಭವ ಇರುವವರು ದಯವಿಟ್ಟು ಹೇಳಿ.

ಪಶ್ಚಿಮ ಗ್ಯಾಲರಿ

ಅಕ್ಕ, ಮೊದಲ ಸಲಕ್ಕೆ ಕಣ್ಣು ಮುಚ್ಚಿಕೊಂಡು ಕಂಠೀರವ ಆರಿಸಿಕೊಳ್ಳಿ, ಫುಟ್ಬಾಲ್ ನೋಡಿ. ನಾನು ಬೆಂಗಳೂರು ಎಫ್‌ಸಿ ಅಭಿಮಾನಿ ಅನ್ನೋ ಕಾರಣಕ್ಕೆ ಹೇಳುತ್ತಿಲ್ಲ, ಗಡಿಯಾರ ನೋಡಿ ಹೇಳುತ್ತಿದ್ದೇನೆ. ರಾತ್ರಿ 7.30ಕ್ಕೆ ಶುರುವಾದ ಫುಟ್ಬಾಲ್ 9.30ರ ಹೊತ್ತಿಗೆ ಮುಗಿಯುತ್ತದೆ. 45 ನಿಮಿಷ, 15 ನಿಮಿಷ ಬಿಡುವು, ಮತ್ತೆ 45, ಮೇಲೆ ರೆಫರಿ ಕೊಡುವ ಒಂದಿಷ್ಟು ನಿಮಿಷ. ಅದೇ 7.30ಕ್ಕೆ ಶುರುವಾದ ಟಿ20 ಮುಗಿಯುವಾಗ 11 ದಾಟಿರುತ್ತದೆ. 9 ವರ್ಷದ ಹುಡುಗ 11 ಗಂಟೆಗೆ ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿರುತ್ತಾನೆ, ಇನ್ನೊಂದು ಕೈಯಲ್ಲಿ ಅಪ್ಪನನ್ನು ಹಿಡಿದುಕೊಂಡು ಅಷ್ಟು ಜನರ ಮಧ್ಯೆ ಹೊರಗೆ ಬರಬೇಕು. ಫುಟ್ಬಾಲ್ ಆದರೆ 10 ಗಂಟೆಗೆ ಮೆಟ್ರೋದಲ್ಲಿ ಕೂತಿರುತ್ತೀರಿ.

ನನ್ನ ಹೆಸರು ಪಶ್ಚಿಮ ಗ್ಯಾಲರಿ ಅಂತ ಇದ್ದರೂ ನೀವು ಪಶ್ಚಿಮದ ಕಡೆ ಟಿಕೆಟ್ ತೆಗೆದುಕೊಳ್ಳಬೇಡಿ. ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಇರೋದು ಅಲ್ಲೇ. ಡೋಲು, ಹಾಡು, ಆಟ ಪೂರ್ತಿ ನಿಂತೇ ಇರುತ್ತಾರೆ. ನಮಗೆ ಅದೇ ಖುಷಿ, ಆದರೆ ಮಂಡಿನೋವು ಇರುವವರು ಎರಡು ಗಂಟೆ ನಿಲ್ಲೋದು ಆಗಲ್ಲ, ಮುಂದಿನವರು ನಿಂತರೆ ಮಗುವಿಗೆ ಏನೂ ಕಾಣಲ್ಲ. ಎದುರುಗಡೆ ಕೂತರೆ ಆಟವೂ ಕಾಣುತ್ತದೆ, ನಮ್ಮ ಗಲಾಟೆಯೂ ಪೂರ್ತಿ ಕಾಣುತ್ತದೆ. ನಿಮ್ಮ ಮಗನಿಗೆ ಅದೇ ಅರ್ಧ ಆಟ ಆಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಠೀರವದಲ್ಲಿ ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಹಾಗಾಗಿ ಆಟಗಾರರು ಸ್ವಲ್ಪ ದೂರ ಅನ್ನಿಸುತ್ತಾರೆ. ತೀರಾ ಕೆಳಗಿನ ಸಾಲು ಬೇಡ, ನಾಲ್ಕೈದು ಸಾಲು ಮೇಲೆ ಕೂತರೆ ಮೈದಾನದ ಆ ತುದಿವರೆಗೂ ಕಾಣುತ್ತದೆ. ಅಷ್ಟು ಮೆಟ್ಟಿಲು ಅಪ್ಪ ನಿಧಾನವಾಗಿ ಹತ್ತಬಹುದು. 2023ರ ಜುಲೈ 4ಕ್ಕೆ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್ ಇಲ್ಲೇ ಆಯಿತು. ಭಾರತಕ್ಕೆ ಕುವೈತ್ ಜೊತೆ 1-1, ಆಮೇಲೆ ಪೆನಾಲ್ಟಿ, ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಕೊನೆಯ ಒದೆತ ತಡೆದಾಗ ಇಡೀ ಸ್ಟೇಡಿಯಂ ಎದ್ದು ಕುಣಿಯಿತು, ಪಕ್ಕದಲ್ಲಿ ಕೂತಿದ್ದ ಗುರುತೇ ಇಲ್ಲದ ಯಜಮಾನರೊಬ್ಬರು ನನ್ನನ್ನು ತಬ್ಬಿಕೊಂಡು ಅತ್ತರು. ಟಿವಿಯಲ್ಲಿ ಇದು ಸಿಗಲ್ಲ ಅಕ್ಕ.

ಕೇರಳ ಬ್ಲಾಸ್ಟರ್ಸ್ ಜೊತೆಗಿನ ಆಟಕ್ಕೆ ಮಾತ್ರ ಮೊದಲ ಸಲವೇ ಹೋಗಬೇಡಿ. ಎರಡೂ ಕಡೆ ಜನ ತುಂಬಿ ತುಳುಕುತ್ತಾರೆ. ಬೇರೆ ಯಾವ ತಂಡ ಬಂದರೂ ಆರಾಮ.

ಪಿ ಸ್ಟ್ಯಾಂಡ್

ಫುಟ್ಬಾಲ್ ಚೆನ್ನಾಗಿರುತ್ತದೆ, ಒಪ್ಪಿದೆ. ಆದರೆ ಅವರ ಅಪ್ಪ ರೇಡಿಯೋದಲ್ಲಿ ಕೇಳಿದ್ದು ಚಿನ್ನಸ್ವಾಮಿ ಹೆಸರು. 68 ವರ್ಷದ ಮನುಷ್ಯನನ್ನು ಬೆಂಗಳೂರಿಗೆ ಕರೆದುಕೊಂಡು ಬಂದು ಆ ಗೇಟ್ ಮುಂದೆಯೇ ಕರೆದುಕೊಂಡು ಹೋಗಿ ಬೇರೆ ಕಡೆ ಕೂರಿಸೋದು ನನ್ನ ಮನಸ್ಸಿಗೆ ಒಪ್ಪುತ್ತಿಲ್ಲ.

ಚಿನ್ನಸ್ವಾಮಿಯಲ್ಲಿ ಬೌಂಡರಿ ಚಿಕ್ಕದು, ಗ್ಯಾಲರಿ ಹತ್ತಿರ. ಬೆಂಗಳೂರು ಎತ್ತರದಲ್ಲಿರುವ ಊರು, ಗಾಳಿ ತೆಳು, ಚೆಂಡು ಹಾರುತ್ತದೆ. 2013ರಲ್ಲಿ ಗೇಲ್ 66 ಚೆಂಡಿಗೆ 175 ಹೊಡೆದಿದ್ದು ಇಲ್ಲೇ. 2024ರ ಏಪ್ರಿಲ್ 15ಕ್ಕೆ ಹೈದರಾಬಾದ್ 287 ಹೊಡೆಯಿತು, ನಮ್ಮವರು 262ರವರೆಗೆ ಹೋಗಿ ಸೋತರು. ಒಂದೇ ಸಂಜೆ 549 ರನ್! ಸೋತರೂ ಯಾರೂ ಎದ್ದು ಹೋಗಲಿಲ್ಲ. ಬ್ಯಾಟಿಗೆ ಚೆಂಡು ತಾಗುವ ಸದ್ದು, ಆಮೇಲೆ ಅರೆಕ್ಷಣ ಎಲ್ಲರೂ ಕತ್ತೆತ್ತಿ ನೋಡೋದು, ಅದಾದಮೇಲೆ ಕೂಗು. ಈ ಮೂರನ್ನು ಆ ಹುಡುಗ ಒಂದು ಸಲ ಅನುಭವಿಸಿದರೆ ಸಾಕು.

ಸೀಟ್ ವಿಷಯ: ಮೇಲಿನ ಅಂತಸ್ತು ಬೇಡವೇ ಬೇಡ. ಕೆಳಗೆ, ಓಡಾಡುವ ದಾರಿಯ ಪಕ್ಕದ ಸೀಟ್ ತೆಗೆದುಕೊಳ್ಳಿ. ಅಪ್ಪ ಶೌಚಾಲಯಕ್ಕೆ ಎದ್ದು ಹೋಗಬೇಕಾದರೆ ಹತ್ತು ಜನರ ಕಾಲು ದಾಟಬೇಕಾಗಲ್ಲ. ನೀರಿನ ಬಾಟಲಿ, ಪವರ್ ಬ್ಯಾಂಕ್, ದೊಡ್ಡ ಬ್ಯಾಗ್, ಹೆಲ್ಮೆಟ್ ಒಳಗೆ ಬಿಡಲ್ಲ. ಅಪ್ಪನ ಮಾತ್ರೆ ಇದ್ದರೆ ಡಾಕ್ಟರ್ ಚೀಟಿ ಜೊತೆ ಇಟ್ಟುಕೊಳ್ಳಿ, ಗೇಟಿನಲ್ಲಿ ವಾದ ಮಾಡುವ ಕೆಲಸ ತಪ್ಪುತ್ತದೆ.

ಏಪ್ರಿಲ್, ಮೇ ಸಂಜೆ ಮಳೆ ಬಂದರೂ ಹೆದರಬೇಡಿ. ಹುಲ್ಲಿನ ಕೆಳಗೆ ಪೈಪ್ ಹಾಕಿದ್ದಾರೆ, ಯಂತ್ರ ನೀರನ್ನು ಎಳೆದುಕೊಳ್ಳುತ್ತದೆ, ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗುತ್ತದೆ. ಮಳೆ ನಿಲ್ಲದೇ ಇದ್ದರೆ ಯಾವ ಯಂತ್ರವೂ ಏನೂ ಮಾಡಲ್ಲ. 2025ರ ಮೇ 17ಕ್ಕೆ ಕೋಲ್ಕತ್ತ ಜೊತೆಗಿನ ಪಂದ್ಯ ಒಂದೂ ಚೆಂಡು ಬೀಳದೆ ರದ್ದಾಯಿತು.

ಮಿನ್ಸ್ಕ್ ಚೌಕ

ಪಿ ಸ್ಟ್ಯಾಂಡ್ ಅವರೇ, ಒಳಗೆ ಕೂತಮೇಲೆ ಎಷ್ಟು ಖುಷಿ ಅಂತ ನೀವು ಹೇಳಿದ್ದು ನಿಜ. ಆದರೆ ಅವರು ಕೇಳುತ್ತಿರೋದು ಒಳಗೆ ಹೋಗೋದು ಮತ್ತು ಹೊರಗೆ ಬರೋದು. 2025ರ ಜೂನ್ 4ಕ್ಕೆ ಸತ್ತ 11 ಜನ ಗ್ಯಾಲರಿಯಲ್ಲಿ ಸಾಯಲಿಲ್ಲ. ಗೇಟುಗಳ ಹತ್ತಿರ ನೂಕುನುಗ್ಗಲಿನಲ್ಲಿ ಸತ್ತರು. ಆಮೇಲೆ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಜಾನ್ ಮೈಕಲ್ ಡಿಕುನ್ಹಾ ಆಯೋಗ, ಈ ಸ್ಟೇಡಿಯಂನ ರಚನೆಯೇ ದೊಡ್ಡ ಜನಸಂದಣಿಗೆ ಸುರಕ್ಷಿತ ಅಲ್ಲ ಅಂತ ವರದಿ ಕೊಟ್ಟಿತು. ಗೇಟುಗಳು ಸೀದಾ ಫುಟ್‌ಪಾತಿಗೆ ತೆರೆದುಕೊಳ್ಳುತ್ತವೆ. ಜನ ಸಾಲು ನಿಲ್ಲೋಕೆ ಜಾಗವೇ ಇಲ್ಲ. ಒಂದು ಕಡೆ ಸಾಲು, ಅದರ ಪಕ್ಕದಲ್ಲೇ ಬಸ್ಸು, ಆಟೋ, ಬಾವುಟ ಮಾರುವವರು, ಮುಖಕ್ಕೆ ಬಣ್ಣ ಬಳಿಯುವವರು. ಪಂದ್ಯದ ದಿನ ಆ ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹೋಗಲೇಬೇಡಿ ಅನ್ನುತ್ತಿಲ್ಲ. ಹೋಗುವುದಾದರೆ ಹೀಗೆ ಮಾಡಿ. ಗೇಟ್ ತೆರೆದ ಹೊತ್ತಿಗೇ ಒಳಗೆ ಸೇರಿಕೊಳ್ಳಿ, ಆಟಕ್ಕೆ ಇನ್ನೂ ಎರಡು ಗಂಟೆ ಇದ್ದರೂ ಪರವಾಗಿಲ್ಲ. ಕೊನೆಯ ಅರ್ಧ ಗಂಟೆಯಲ್ಲಿ ಗೇಟ್ ಹತ್ತಿರ ಸುಳಿಯಬೇಡಿ, ಎಲ್ಲರೂ ಟಾಸ್ ತಪ್ಪಿಹೋಗುತ್ತದೆ ಅಂತ ತಳ್ಳುವ ಹೊತ್ತು ಅದು. ಟಿಕೆಟ್ ಮೇಲೆ ಯಾವ ಗೇಟ್ ಇದೆಯೋ ಅದನ್ನು ಮೊದಲೇ ನಕ್ಷೆಯಲ್ಲಿ ನೋಡಿಕೊಂಡಿರಿ, ಯಾಕೆಂದರೆ ತಪ್ಪು ಗೇಟಿಗೆ ಹೋದರೆ ಜನರ ಎದುರು ದಿಕ್ಕಿಗೆ ನಡೆಯಬೇಕಾಗುತ್ತದೆ, ಮಂಡಿನೋವಿನವರಿಗೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ. ಮಗನ ಮುಂಗೈ ಮೇಲೆ ನಿಮ್ಮ ನಂಬರ್ ಪೆನ್ನಿನಲ್ಲಿ ಬರೆಯಿರಿ. ಅಷ್ಟು ಜನ ಸೇರಿದ ಕಡೆ ಫೋನ್ ಸಿಗ್ನಲ್ ಸಿಗಲ್ಲ, ಅದಕ್ಕೇ ಕೈ ತಪ್ಪಿದರೆ ಎಲ್ಲಿ ನಿಲ್ಲಬೇಕು ಅಂತ ಇಬ್ಬರಿಗೂ ಜಾಗ ತೋರಿಸಿಟ್ಟಿರಿ.

ಜನ ಒತ್ತಿಕೊಂಡು ಬಂದರೆ, ದೇವರು ಹಾಗೆ ಆಗದಿರಲಿ, ಹಿಂದಕ್ಕೆ ತಿರುಗಿ ತಳ್ಳಬೇಡಿ. ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಾಡೋಕೆ ಜಾಗ ಮಾಡಿಕೊಳ್ಳಿ, ಜನ ಸಾಗುವ ಕಡೆಗೇ ಸಾಗುತ್ತಾ ಓರೆಯಾಗಿ ಅಂಚಿಗೆ ಬನ್ನಿ. ಗೋಡೆ, ಬ್ಯಾರಿಕೇಡ್ ಕಡೆ ಬೇಡ. ಚಪ್ಪಲಿ, ಫೋನ್ ಏನು ಬಿದ್ದರೂ ಬಗ್ಗಬೇಡಿ. ಮಗನಿಗೆ ಇದನ್ನು ಮನೆಯಲ್ಲೇ ಒಂದು ಸಲ ಮಾಡಿ ತೋರಿಸಿ. ಉಚಿತ ಪ್ರವೇಶ, ವಿಜಯೋತ್ಸವ, ಆಟಗಾರರ ಮೆರವಣಿಗೆ ಅಂತ ಸುದ್ದಿ ಬಂದ ದಿನ ಮಾತ್ರ ಮಗುವನ್ನು ಕರೆದುಕೊಂಡು ಆ ಕಡೆ ಬರಲೇಬೇಡಿ. ಟಿಕೆಟ್ ಇರುವ ಪಂದ್ಯಕ್ಕೆ ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಇರುತ್ತದೆ. ಅಂಥ ದಿನ ಲೆಕ್ಕವೇ ಇರಲ್ಲ.

ಬಸವನಗುಡಿ ಹಳಬ

ನೋಡಮ್ಮ, ಇವರೆಲ್ಲ ಐಪಿಎಲ್ ಒಂದನ್ನೇ ಕ್ರಿಕೆಟ್ ಅಂದುಕೊಂಡಿದ್ದಾರೆ. ನಿಮ್ಮ ತಂದೆಗೆ ಬೇಕಿರೋದು ರಾಜ್ಯ ತಂಡಗಳ ನಡುವಿನ ರಣಜಿ ಪಂದ್ಯ. ಬೆಳಗ್ಗೆ ಹೋಗಿ, ಸಂಜೆ ಬೆಳಕಿರುವಾಗಲೇ ವಾಪಸ್ ಬನ್ನಿ. ಸಾಮಾನ್ಯವಾಗಿ ಟಿಕೆಟ್ ದುಡ್ಡೂ ಇಲ್ಲ. ತೆರೆದಿರುವ ಸ್ಟ್ಯಾಂಡಿನಲ್ಲಿ ನೆರಳು ನೋಡಿಕೊಂಡು ಕಾಲು ಚಾಚಿ ಕೂರಬಹುದು. ಹುಡುಗ ಓಡಾಡಿದರೂ ಕಣ್ಣಿಗೆ ಕಾಣುತ್ತಿರುತ್ತಾನೆ. 2025ರ ಜನವರಿಯಲ್ಲಿ ಪಂಜಾಬ್ ಮೇಲೆ ನಮ್ಮ ಸ್ಮರಣ್ 203 ಹೊಡೆದಾಗ ಚಿನ್ನಸ್ವಾಮಿಯಲ್ಲಿ ನನ್ನ ಹಾಗೆ ಬುತ್ತಿ ಕಟ್ಟಿಕೊಂಡು ಬಂದ ವಯಸ್ಸಾದವರು ತುಂಬಾ ಜನ ಇದ್ದರು. ಮುಂದಿನ ವಾರ ಹರಿಯಾಣ ಪಂದ್ಯಕ್ಕೆ ಕೆ.ಎಲ್. ರಾಹುಲ್ ಬಂದ.

ಒಳಗೆ ಕೂತಾಗ ನಿಮ್ಮ ತಂದೆಗೆ ಹೇಳಿ, ಈ ಮೈದಾನದಲ್ಲಿ ಮೊದಲ ಟೆಸ್ಟ್ ನಡೆದದ್ದು 1974ರ ನವೆಂಬರಿನಲ್ಲಿ, ವೆಸ್ಟ್ ಇಂಡೀಸ್ ಜೊತೆ. ಗ್ರೀನಿಜ್, ವಿವ್ ರಿಚರ್ಡ್ಸ್ ಇಬ್ಬರೂ ತಮ್ಮ ಮೊದಲ ಟೆಸ್ಟ್ ಆಡಿದ್ದು ಅಲ್ಲೇ. ಅವರಿಗೆ ನೆನಪಿದ್ದರೆ ಮಿಕ್ಕ ಕಥೆ ಅವರೇ ಮೊಮ್ಮಗನಿಗೆ ಹೇಳುತ್ತಾರೆ. 1996ರ ಮಾರ್ಚ್ 9ರ ಪಾಕಿಸ್ತಾನದ ಪಂದ್ಯದ ದಿನ ನಾನು ಗ್ಯಾಲರಿಯಲ್ಲಿದ್ದೆ. ಸೊಹೈಲ್ ಬ್ಯಾಟ್ ತೋರಿಸಿ ಏನೋ ಅಂದ, ಮುಂದಿನ ಚೆಂಡಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವನ ಸ್ಟಂಪ್ ಹಾರಿಸಿದ. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ. ಶ್ರೀನಾಥ್, ಕುಂಬ್ಳೆ, ಪ್ರಸಾದ್, ಮೂವರೂ ನಮ್ಮವರೇ, ನಮ್ಮ ಊರಿನಲ್ಲೇ ಬೌಲ್ ಮಾಡುತ್ತಿದ್ದರು. ಅಂಥ ದಿನ ಇನ್ನೊಂದು ನಾನು ನೋಡಿಲ್ಲ.

ಹೊರಡುವ ಮುಂಚೆ ಪಂದ್ಯ ಯಾವ ಮೈದಾನದಲ್ಲಿ ಅಂತ ಖಚಿತ ಮಾಡಿಕೊಳ್ಳಿ. ಕೆಲವು ಸಲ ಆಲೂರಿನಲ್ಲಿ ಇಟ್ಟಿರುತ್ತಾರೆ. ಅದು ಊರಾಚೆ, ಗ್ಯಾಲರಿಯ ಸುಖ ಅಲ್ಲಿಲ್ಲ.

ಕ್ಯಾತ್ಸಂದ್ರದವಳು

ಎಲ್ಲರಿಗೂ ತುಂಬಾ ಧನ್ಯವಾದ. ಬಸವನಗುಡಿ ಸರ್ ಬರೆದಿದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಆಗಲೇ ಅರ್ಧ ಗಂಟೆ 1974ರ ಬಗ್ಗೆ ಮಾತಾಡಿದರು. ರಣಜಿಯೂ ಆಗುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ.

ಮಗನಿಗೆ ಮಾತ್ರ ರಾತ್ರಿ ಬೆಳಕಿನಲ್ಲಿ, ಜನರ ಕೂಗಿನ ಮಧ್ಯೆಯೇ ನೋಡಬೇಕಂತೆ. ಅದಕ್ಕೆ ಕಂಠೀರವದ ದಾರಿ ಯಾರಾದರೂ ಬಿಡಿಸಿ ಹೇಳಿ. ಇನ್ನೊಂದು, ತಂಗಿ ಸಂಗೀತ ಕಾರ್ಯಕ್ರಮಕ್ಕೆ ಹೋಗೋಣ ಅಂತ ಬೇರೆ ಹಠ ಹಿಡಿದಿದ್ದಾಳೆ. ಅದೂ ಊರ ಮಧ್ಯದಲ್ಲೇ ಇರುತ್ತದಾ?

ಸಂಪಿಗೆ ರಸ್ತೆ

ಮೇಡಂ, ನಾನು ಮೆಟ್ರೋದ ಹಸಿರು ಮಾರ್ಗದಲ್ಲೇ ದಿನಾ ಓಡಾಡುವವನು, ಸ್ಟೇಡಿಯಂಗೂ ಹಾಗೇ ಹೋಗೋದು. ರಾಜಾಜಿನಗರದಿಂದ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಬೇಕು. ಹಸಿರು ಕೆಳಗಿನ ಅಂತಸ್ತು, ನೇರಳೆ ಅದರ ಮೇಲೆ. ಅಪ್ಪನಿಗೆ ಎಸ್ಕಲೇಟರ್ ಬೇಡ, ಲಿಫ್ಟ್ ಎಲ್ಲಿದೆ ಅಂತ ಹೋಗುವಾಗಲೇ ಸಿಬ್ಬಂದಿಯನ್ನು ಕೇಳಿ ನೋಡಿಟ್ಟುಕೊಳ್ಳಿ. ಬರುವಾಗ ಆ ಜನರಲ್ಲಿ ಹುಡುಕೋದು ಕಷ್ಟ. ಮೆಜೆಸ್ಟಿಕ್ ಆದಮೇಲೆ ಸೆಂಟ್ರಲ್ ಕಾಲೇಜು, ವಿಧಾನಸೌಧ, ಅದರ ಮುಂದಿನದು ಕಬ್ಬನ್ ಪಾರ್ಕ್. ಚಿನ್ನಸ್ವಾಮಿ ಆದರೆ ಮೇಲೆ ಬಂದ ಕೂಡಲೇ ಎದುರಿಗೇ ಇದೆ. ಕಂಠೀರವ ಆದರೆ ಅಲ್ಲಿಂದ ಕಸ್ತೂರಬಾ ರಸ್ತೆಯಲ್ಲಿ ಇನ್ನೂ ಒಂದೂವರೆ ಕಿಲೋಮೀಟರಿಗೂ ಮೇಲೆ. ನಿಮ್ಮ ಅಪ್ಪನಿಗೆ ಅದು ಬೇಡ. ಹೋಗುವಾಗ ನಿಲ್ದಾಣದಿಂದ ಆಟೋ ಮಾಡಿ, ಇಲ್ಲವೇ ಮೆಜೆಸ್ಟಿಕ್‌ನಲ್ಲೇ ಇಳಿದು ಕಾರ್ಪೊರೇಷನ್ ಕಡೆ ಹೋಗುವ ಬಸ್ ಹತ್ತಿ. ಕಾರ್ಪೊರೇಷನ್ ವೃತ್ತದಿಂದ ಸ್ಟೇಡಿಯಂ ಹತ್ತಿರ.

ಕಾರು ತರೋದೇ ಬೇಡ. ಪಂದ್ಯದ ದಿನ ಕಸ್ತೂರಬಾ ರಸ್ತೆ, ಕ್ವೀನ್ಸ್ ರಸ್ತೆ, ಎಂ.ಜಿ. ರಸ್ತೆ, ಕಬ್ಬನ್ ರಸ್ತೆ ಎಲ್ಲೂ ನಿಲ್ಲಿಸೋಕೆ ಬಿಡಲ್ಲ.

ವಾಪಸ್ ಬರೋದು ಮುಖ್ಯ, ಅದನ್ನು ಸ್ವಲ್ಪ ಗಮನ ಇಟ್ಟು ಓದಿ. ಮೆಟ್ರೋ ಕಾರ್ಡ್ ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು. ಆಟ ಮುಗಿದಮೇಲೆ ಟಿಕೆಟ್ ಸಾಲಿನಲ್ಲಿ ನಿಂತರೆ ಅಲ್ಲೇ ಅರ್ಧ ಗಂಟೆ, ಫೋನಿನಲ್ಲಿ ಟಿಕೆಟ್ ತೆಗೆಯೋಣ ಅಂದರೆ ನೆಟ್‌ವರ್ಕ್ ಇರಲ್ಲ. ಚಿನ್ನಸ್ವಾಮಿಗೆ ಹೋದ ದಿನ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ನುಗ್ಗಬೇಡಿ, ಎಲ್ಲರೂ ಅಲ್ಲಿಗೇ ಇಳಿಯುತ್ತಾರೆ. ಅಪ್ಪನಿಗೆ ಆಗುವ ಹಾಗಿದ್ದರೆ ಎಂ.ಜಿ. ರಸ್ತೆ ನಿಲ್ದಾಣಕ್ಕೆ ನಿಧಾನವಾಗಿ ನಡೆದು ಹೋಗಿ. ಮೆಜೆಸ್ಟಿಕ್ ಕಡೆ ಹೋಗುವ ರೈಲು ಮೊದಲು ಎಂ.ಜಿ. ರಸ್ತೆಗೆ ಬಂದು ಆಮೇಲೆ ಕಬ್ಬನ್ ಪಾರ್ಕಿಗೆ ಬರುತ್ತದೆ. ಹಾಗಾಗಿ ಅಲ್ಲಿ ಹತ್ತಿದರೆ ಒಳಗೆ ಜಾಗ ಇರುತ್ತದೆ, ಒಂದೇ ನಿಲ್ದಾಣ ದಾಟಿದಮೇಲೆ ಬಾಗಿಲಲ್ಲೂ ಕಾಲಿಡೋಕೆ ಆಗಲ್ಲ. ದೊಡ್ಡ ಪಂದ್ಯಗಳ ದಿನ ಕೊನೆಯ ರೈಲಿನ ಹೊತ್ತನ್ನು ಮುಂದೆ ಹಾಕುತ್ತಾರೆ, ಆದರೆ ಅದನ್ನೇ ನಂಬಿ ಕೂರಬೇಡಿ, ಆ ದಿನದ ಮೆಟ್ರೋ ಪ್ರಕಟಣೆ ಓದಿಯೇ ಹೊರಡಿ. ಫುಟ್ಬಾಲಿನಲ್ಲಿ ಈ ತಲೆನೋವೇ ಇಲ್ಲ.

ಆಟ ಮುಗಿದ ಕೂಡಲೇ ಏಳಬೇಡಿ. ಹದಿನೈದು ಇಪ್ಪತ್ತು ನಿಮಿಷ ಸೀಟಿನಲ್ಲೇ ಕೂತಿರಿ. ಗ್ಯಾಲರಿ ಖಾಲಿಯಾಗುತ್ತದೆ, ಅಪ್ಪ ಕಂಬಿ ಹಿಡಿದುಕೊಂಡು ಆರಾಮವಾಗಿ ಇಳಿಯುತ್ತಾರೆ, ಆಟಗಾರರು ಮೈದಾನ ಸುತ್ತಿ ಚಪ್ಪಾಳೆ ತಟ್ಟೋದನ್ನು ಮಗ ನೋಡುತ್ತಾನೆ.

ಸಂಗೀತದ ಬಗ್ಗೆ. ಮೊದಲೆಲ್ಲ ದೊಡ್ಡ ಕಾರ್ಯಕ್ರಮ ಅಂದರೆ ಅರಮನೆ ಮೈದಾನ. 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಎಲ್ಲ ಅಲ್ಲೇ. ಈಗ ತುಂಬಾ ದೊಡ್ಡವು ಮಾದಾವರದ ಕಡೆ ಹೋಗಿವೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದೂ ಅಲ್ಲಿನ ನೈಸ್ ಮೈದಾನದಲ್ಲೇ. ಊರ ಮಧ್ಯದವರಿಗೆ ಅದು ದೂರ, ನಿಮಗೆ ಮಾತ್ರ ಅದು ತುಮಕೂರು ರಸ್ತೆಯಲ್ಲೇ ಇದೆ. ಹಸಿರು ಮಾರ್ಗದ ತುದಿ ಮಾದಾವರ, ರಾಜಾಜಿನಗರಕ್ಕೆ ರೈಲು ಬದಲಿಸೋದೂ ಬೇಡ. ಆದರೂ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡಿ. ಹೆಚ್ಚಿನ ಟಿಕೆಟ್ ನಿಂತು ನೋಡುವವು, ನೆಲ ಏರುಪೇರು, ಸ್ಪೀಕರ್ ಸದ್ದು ಎದೆಗೆ ಹೊಡೆಯುತ್ತದೆ. ತಂಗಿ ಗೆಳತಿಯರ ಜೊತೆ ಹೋಗಲಿ. ಮಗನನ್ನು ಕಳಿಸುವುದಾದರೆ ಕಿವಿಗೆ ಹಾಕುವ ಇಯರ್ ಮಫ್ ತೆಗೆದುಕೊಡಿ, ಸ್ಪೀಕರ್ ಮುಂದೆ ನಿಲ್ಲಿಸಬೇಡಿ ಅಂತ ಹೇಳಿ.

ಅಪ್ಪನಿಗೆ ಸಂಗೀತ ಇಷ್ಟ ಇದ್ದರೆ ರಾಮನವಮಿ ಹೊತ್ತಿಗೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಕರೆದುಕೊಂಡು ಬನ್ನಿ. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ. ಚಪ್ಪರ, ಕುರ್ಚಿ, ದೊಡ್ಡ ದೊಡ್ಡ ವಿದ್ವಾಂಸರು. ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಹತ್ತಿರ, ಅದೂ ಹಸಿರು ಮಾರ್ಗವೇ.

ಪಿ ಸ್ಟ್ಯಾಂಡ್

ಮಿನ್ಸ್ಕ್ ಚೌಕ ಅವರು ಗೇಟಿನ ಬಗ್ಗೆ ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ, ಆ ರಸ್ತೆಯಲ್ಲಿ ನಾನೂ ನಿಂತವನು. ಆದರೆ ಸ್ಟೇಡಿಯಂ ಅನ್ನೇ ಊರಾಚೆ ಸಾಗಿಸಿ ಅನ್ನುವವರ ಮಾತು ನಾನು ಒಪ್ಪಲ್ಲ. ಊರಾಚೆ ಹೋದರೆ ಅಪ್ಪನ ಕೈ ಹಿಡಿದುಕೊಂಡು ಬಸ್ಸು, ಮೆಟ್ರೋದಲ್ಲಿ ಬರುವವರು ತಪ್ಪಿಹೋಗುತ್ತಾರೆ, ಕಾರು ಇದ್ದವರು ಮಾತ್ರ ಉಳಿಯುತ್ತಾರೆ. ಗೇಟ್ ಅಗಲ ಮಾಡಲಿ, ಒಳಗಡೆಯೇ ಸಾಲಿಗೆ ಜಾಗ ಮಾಡಲಿ, ಪಂದ್ಯದ ದಿನ ಸುತ್ತಲಿನ ರಸ್ತೆಯನ್ನು ನಡೆಯುವವರಿಗೆ ಮಾತ್ರ ಬಿಡಲಿ. ನಾವು ಕೇಳಬೇಕಾದ್ದು ಅದು.

ಕ್ಯಾತ್ಸಂದ್ರದವಳು

ನಮ್ಮ ಯಜಮಾನರಿಗೂ ಇದನ್ನೆಲ್ಲ ಓದಿಸಿದೆ. ಮೊದಲು ಕಂಠೀರವದಲ್ಲಿ ಫುಟ್ಬಾಲ್, ಪಶ್ಚಿಮಕ್ಕೆ ಎದುರುಗಡೆ. ಆಮೇಲೆ ಕರ್ನಾಟಕದ ರಣಜಿ ಪಂದ್ಯ ಚಿನ್ನಸ್ವಾಮಿಯಲ್ಲಿ ಬಿದ್ದರೆ ಅಪ್ಪನಿಗಾಗಿ ಅದು. ಐಪಿಎಲ್ ಈ ವರ್ಷ ಬೇಡ, ಮಗ ಇನ್ನೊಂದೆರಡು ವರ್ಷ ದೊಡ್ಡವನಾಗಲಿ. ಒಂದೇ ಪ್ರಶ್ನೆ ಉಳಿದಿದೆ. ಫುಟ್ಬಾಲ್ ಮುಗಿದು ಹೊರಗೆ ಬಂದಮೇಲೆ ಅಪ್ಪನಿಗೆ ಆಟೋ ಸಿಗುತ್ತದಾ?

ಪಶ್ಚಿಮ ಗ್ಯಾಲರಿ

ಗೇಟ್ ಮುಂದೆಯೇ ಕೇಳಿದರೆ ಬಾಯಿಗೆ ಬಂದ ರೇಟ್ ಹೇಳುತ್ತಾರೆ ಅಕ್ಕ. ಅಲ್ಲಿ ನಿಲ್ಲಬೇಡಿ. ನಿಧಾನವಾಗಿ ಕಾರ್ಪೊರೇಷನ್ ವೃತ್ತದ ಕಡೆ ನಡೆಯಿರಿ, ಆ ಹೊತ್ತಿನಲ್ಲಿ ಮೆಜೆಸ್ಟಿಕ್ ಕಡೆ ಬಸ್ ಇನ್ನೂ ಇರುತ್ತವೆ, ಆಟೋನೂ ಮೀಟರಿಗೆ ಒಪ್ಪೋದು ಅಲ್ಲೇ ಜಾಸ್ತಿ. ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ವಾಪಸ್ ಹೋಗೋದು ಬೇಡ, ಸೀದಾ ಮೆಜೆಸ್ಟಿಕ್ ಅನ್ನಿ, ಅಲ್ಲಿಂದ ಹಸಿರು ಮಾರ್ಗ. ಟಿಕೆಟ್ ತೆಗೆದುಕೊಂಡ ದಿನ ಇಲ್ಲಿ ಒಂದು ಸಾಲು ಬರೆಯಿರಿ. ನಾವು ಗೇಟ್ ಹತ್ತಿರ ಬೇಗ ಬಂದಿರುತ್ತೇವೆ, ಹುಡುಗನಿಗೆ ನೀಲಿ ಶಾಲು ಒಂದು ತಂದುಕೊಡುತ್ತೇವೆ.